ಮೂವತ್ತೊಂದನೇ ಕಾರ್ಡಿನ ಹಲ್ಲಿನ ಗುರುತು

ಹನ್ನೊಂದು ವರ್ಷ ಮೈಸೂರಿನ ಒಂದು ದಿನಪತ್ರಿಕೆಯ ಸುದ್ದಿಮನೆಯಲ್ಲಿ ಕೂತು ಬೇರೆಯವರ ವರದಿ ತಿದ್ದಿದವನು ನಾನು. ದೆವ್ವದ ಸುದ್ದಿ ತಂದವರಿಗೆ ಮೂರೇ ಪ್ರಶ್ನೆ ಕೇಳುತ್ತಿದ್ದೆ. ಎಷ್ಟು ಗಂಟೆ? ಜೊತೆಗೆ ಯಾರಿದ್ದರು? ಕೈಯಲ್ಲಿ ಏನಿದೆ? ಮೂರಕ್ಕೂ ಉತ್ತರ ತಂದವರು ಒಬ್ಬರೂ ಸಿಗಲಿಲ್ಲ. ಅಂಥ ಸುದ್ದಿಯ ಒಂದು ಸಾಲೂ ನನ್ನ ಪುಟದಲ್ಲಿ ಅಚ್ಚಾಗಲಿಲ್ಲ.

ಈಗ ಆ ಪ್ರಶ್ನೆಗಳು ನನಗೆ. ಗಂಟೆಗಳು ನನ್ನ ನೋಟ್‌ಬುಕ್‌ನಲ್ಲಿವೆ. ಜೊತೆಗೆ ಬಸು ಇದ್ದ. ಕೈಯಲ್ಲಿ ಅಂಗೈಯಗಲದ ಒಂದು ಬಿಳಿ ಪ್ಲಾಸ್ಟಿಕ್ ಕಾರ್ಡ್ ಇದೆ. ಇದನ್ನು ಬರೆಯುವಾಗ ಅದು ಮೇಜಿನ ಮೇಲೇ ಇದೆ… ಮಗುಚಿ ಇಟ್ಟಿದ್ದೇನೆ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಆ ರಾತ್ರಿಯ ಕಾಗದಪತ್ರದಲ್ಲಿ ಒಂದೇ ಒಂದು ಸುಳ್ಳು ಇದೆ. ಅದನ್ನು ಬರೆದವನು ನಾನೇ. ಅದರ ಜಾಗ ಬಂದಾಗ ಹೇಳುತ್ತೇನೆ.

ನಾವು ಇರುವುದು ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿ, ರೊಟೊಟೂನದ ಹೊಸ ಬಡಾವಣೆಯಲ್ಲಿ. ಬಸು ಗದಗದ ಕಡೆಯ ಹುಡುಗ. ಓದಲು ಬಂದವನು ಇಲ್ಲೇ ಉಳಿದ. ಓದಿದ್ದು ಪರಿಸರ ವಿಜ್ಞಾನ, ಸಿಕ್ಕಿದ್ದು ಬೋನು ಹಾಕುವ ಕೆಲಸ. ಈ ದೇಶದಲ್ಲಿ ನರಿ ಇಲ್ಲ, ತೋಳ ಇಲ್ಲ, ಹಾವೂ ಇಲ್ಲ. ಇಲ್ಲಿ ಬೋನು ಹಾಕುವವರು ಹುಡುಕುವುದು ಪೊಸಮ್ ಎಂಬ ಪ್ರಾಣಿಯನ್ನು. ಬೆಕ್ಕಿನಷ್ಟು ಗಾತ್ರ, ಪೊದೆಯಂಥ ಬಾಲ. ರಾತ್ರಿ ಮರವಿಳಿದು ಬಂದು ಚಿಗುರು, ಹಕ್ಕಿಮೊಟ್ಟೆ ಎಲ್ಲವನ್ನೂ ತಿಂದು ಹಾಕುತ್ತದೆ. ಬೋನು ಇಡುವ ಮುಂಚೆ ಜಮೀನನ್ನು ಒಂದು ರಾತ್ರಿ ಅಳೆದು ನೋಡಬೇಕು: ಎಲ್ಲಿ ಓಡಾಡುತ್ತವೆ, ಎಷ್ಟಿವೆ. ಆ ಅಳತೆಯ ಕೆಲಸ ಬಸುವಿನದು.

ಅವನು ಒಂದು ತಪ್ಪು ಮಾಡಿದ್ದ. ಚಳಿಗಾಲದ ಒಂದು ಮಳೆಯ ದಿನ ಕೊನೆಯ ಮೂರು ಜಾಗಗಳಿಗೆ ಹೋಗಿ ನೋಡದೆ, ಊಹೆಯಿಂದ ಹಾಳೆ ತುಂಬಿಸಿದ್ದ. ಅವನ ಮಾಲೀಕ ಗ್ರೆಗ್ ಒಂದು ವಾರದ ನಂತರ ಅದೇ ಜಾಗಕ್ಕೆ ಹೋಗಿ ನೋಡಿಬಿಟ್ಟ. ಇನ್ನೊಮ್ಮೆ ಹೀಗಾದರೆ ಕೆಲಸವಿಲ್ಲ ಎಂದ. ಬಸುವಿನ ವೀಸಾ ಆ ಕೆಲಸಕ್ಕೆ ಕಟ್ಟಿದ್ದು. ರೆಸಿಡೆನ್ಸಿಗೆ, ಅಂದರೆ ಇಲ್ಲೇ ಕಾಯಂ ಉಳಿಯಲು, ಅರ್ಜಿ ಹಾಕಿ ನಾಲ್ಕು ತಿಂಗಳಾಗಿತ್ತು. ಕೆಲಸ ಹೋದರೆ ಅರ್ಜಿಯೂ ಹೋಯಿತು. ಮುಂದಿನ ಅಳತೆಗೆ ಜೊತೆಯಲ್ಲಿ ಇನ್ನೊಬ್ಬರು ಇರಬೇಕು, ನೋಡಿದ್ದನ್ನು ಬರೆದು ಸಹಿ ಹಾಕಬೇಕು ಎಂದು ಗ್ರೆಗ್ ಷರತ್ತು ಹಾಕಿದ್ದ.

"ಅಣ್ಣಾರ, ಶನಿವಾರ ಖಾಲಿ ಇದ್ದೀರೇನ್ರೀ?" ಎಂದು ಬಸು ಫೋನು ಮಾಡಿದ. "ಒಂದ್ ರಾತ್ರಿ ಕೆಲಸ ಐತಿ. ನಿಮ್ಗ ಹೊಂದೂ ಕೆಲಸನ. ಬರೀ ಬರ್ಕೋಬೇಕು."

"ಏನು ಬರ್ಕೋಬೇಕು?"

"ನಾ ಹೇಳಿದ್ದು."

"ನೀನು ಹೇಳಿದ್ದಲ್ಲ ಕಣಪ್ಪ. ನಾನು ನೋಡಿದ್ದು ಬರೀತೀನಿ."

"ಅದಕ್ಕ ನಿಮ್ಮನ್ನ ಕರ್ಯಾಕತ್ತೀನ್ರೀ."

ಸುಧಾಳಿಗೆ, ಅಂದರೆ ನನ್ನ ಹೆಂಡತಿಗೆ, ಇದು ಹಿಡಿಸಲಿಲ್ಲ. ಮರುದಿನ ಭಾನುವಾರ ಹಿರಿಯರ ಹಬ್ಬ. ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ತೀರಿಕೊಂಡವರ ಹೆಸರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಎಲೆ ಹಾಕಿ, ಅವರು ಇಷ್ಟಪಡುತ್ತಿದ್ದದ್ದನ್ನು ಬಡಿಸಿ, ಕೋಣೆಯ ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತೇವೆ. ಅವರು ಬಂದು ಉಂಡು ಹೋಗಲಿ ಎಂದು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ, ತಿಳಿಸಿಯೇ ಒಳಗೆ ಹೋಗಬೇಕು. ನನಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಊಟ ಚೆನ್ನಾಗಿರುತ್ತಿತ್ತು, ಅಷ್ಟೆ.

"ನಾಳೆ ಹನ್ನೊಂದು ಗಂಟೆ ಒಳಗೆ ಮನೇಲಿರ್ಬೇಕು ನೀವು," ಎಂದಳು ಸುಧಾ. ಆಸ್ಪತ್ರೆಯ ಪಾಳಿಗೆ ಹೊರಟಿದ್ದಳು, ಕಾರಿನ ಕೀಲಿ ಕೈಯಲ್ಲಿತ್ತು. "ಫ್ರಿಜ್‌ನಲ್ಲಿ ಕಡ್ಲೆಕಾಯಿ ಉಂಡೆ ಇದೆ. ತಗೊಂಡು ಹೋಗಿ. ಆ ಹುಡುಗನೂ ತಿನ್ನಲಿ."

ಫ್ರಿಜ್‌ನಲ್ಲಿ ಎರಡು ಐಸ್‌ಕ್ರೀಮ್ ಡಬ್ಬಿಗಳಿದ್ದವು, ಒಂದರ ಮೇಲೊಂದು. ಎರಡರಲ್ಲೂ ಉಂಡೆಯೇ. ನಾನು ಮೇಲಿನದನ್ನು ತೆಗೆದುಕೊಂಡೆ.

ಜಮೀನು ಹ್ಯಾಮಿಲ್ಟನ್‌ನಿಂದ ಪಶ್ಚಿಮಕ್ಕೆ ಒಂದೂವರೆ ಗಂಟೆಯ ದಾರಿ. ಕುರಿ ಮೇಯುವ ಗುಡ್ಡಗಳು, ನಡುವೆ ಕಾಡು ತುಂಬಿದ ಒಂದು ಕಣಿವೆ. ಜಮೀನಿನ ಮಾಲೀಕರು ಆ ವಾರ ಊರಲ್ಲಿರಲಿಲ್ಲ. ಗೇಟಿನ ಬೀಗದ ಸಂಖ್ಯೆ ಕಳಿಸಿದ್ದರು. ಒಳಗೆ ಬಂದು ಬಸು ಮತ್ತೆ ಬೀಗ ಹಾಕಿದ. ಅಲ್ಲಿಂದ ನಾಲ್ಕು ಕಿಲೋಮೀಟರ್ ಮಣ್ಣಿನ ರಸ್ತೆ. ಫೋನಿಗೆ ಸಿಗ್ನಲ್ ಇಲ್ಲ. ಎಲ್ಲೂ ಮನೆ ಕಾಣಲಿಲ್ಲ.

2.15. ಕೆಲಸ ಆರಂಭ ಎಂದು ಬರೆದುಕೊಂಡೆ.

ನಲವತ್ತು ಕಾರ್ಡು ಹೊಡೆಯಬೇಕಿತ್ತು. ಚ್ಯೂ ಕಾರ್ಡ್ ಎನ್ನುತ್ತಾರೆ. ತೆಳುವಾದ ಪ್ಲಾಸ್ಟಿಕ್ ಹಾಳೆ, ರಟ್ಟಿನ ಹಾಗೆ ಒಳಗೆ ಸಣ್ಣ ಸಣ್ಣ ಕೊಳವೆಗಳಿರುತ್ತವೆ. ಕೊಳವೆಗಳಿಗೆ ಕಡಲೆಕಾಯಿ ಬೆಣ್ಣೆ ತುಂಬಿ, ಕಾರ್ಡನ್ನು ಮಡಿಸಿ, ಮರದ ಬುಡಕ್ಕೆ ಮೊಳೆ ಹೊಡೆಯುವುದು. ಎತ್ತರ ನೆಲದಿಂದ ಒಂದು ಗೇಣು, ಒಂದೂವರೆ ಗೇಣು. ಮೊಣಕಾಲಿಗಿಂತ ಕೆಳಗೆ.

"ಸಾಹೇಬ್ರು ರಾತ್ರಿ ಮರ ಇಳಿದ್ ಬರ್ತಾರ," ಬಸು ಪೊಸಮ್‌ಗಳನ್ನು ಕರೆಯುತ್ತಿದ್ದದ್ದೇ ಹಾಗೆ. "ವಾಸ್ನಿ ನೋಡ್ತಾರ. ಒಂದ್ ಸಲ ಬಾಯಿ ಹಾಕ್ತಾರ. ಹಲ್ಲಿನ ಸಹಿ ಬಿಟ್ಟು ಹೋಗ್ತಾರ. ಮುಂಜಾನಿ ನಾವು ಓದೂದು."

ಇಲಿಯ ಹಲ್ಲು ಬೇರೆ, ಪೊಸಮ್‌ನ ಹಲ್ಲು ಬೇರೆ. ಇಲಿ ಅಂಚನ್ನು ಕತ್ತರಿಸಿದ ಹಾಗೆ ಕಚ್ಚುತ್ತದೆ. ಪೊಸಮ್ ಜಜ್ಜಿ ಹಾಕುತ್ತದೆ. ಬಸು ಹಳೆಯ ಕಾರ್ಡುಗಳನ್ನು ತೋರಿಸಿ ಕಲಿಸಿದ. ಒಳ್ಳೆಯ ಮೇಷ್ಟ್ರು ಅವನು. ಆದರೆ ಒಮ್ಮೆ ಸುಳ್ಳು ಬರೆದವನು ಎಂಬುದು ನನ್ನ ತಲೆಯಿಂದ ಹೋಗಲಿಲ್ಲ. ಅವನು ಒಂದು ಕಾರ್ಡು ಹೊಡೆದರೆ ನಾನು ಹೋಗಿ ಮುಟ್ಟಿ ನೋಡಿ, ಆಮೇಲೆ ಬರೆದುಕೊಳ್ಳುತ್ತಿದ್ದೆ. ಅವನಿಗೆ ಗೊತ್ತಾಗುತ್ತಿತ್ತು. ನಾನು ಮುಟ್ಟಿ ಮುಗಿಸುವ ತನಕ ಕಾಯುತ್ತಿದ್ದ.

ಮೂವತ್ತನೇ ಕಾರ್ಡಿಗೆ ಬೆಣ್ಣೆಯ ಡಬ್ಬಿ ಖಾಲಿಯಾಯಿತು. ಬಸು ಚೀಲವನ್ನೆಲ್ಲ ನೆಲಕ್ಕೆ ಸುರಿದ.

"ಇನ್ನೊಂದ್ ಡಬ್ಬಿ ಗ್ರೆಗ್‌ನ ಯಾರ್ಡ್‌ದಾಗ ಉಳೀತ್ರೀ…"

ಹತ್ತು ಕಾರ್ಡು ಬಾಕಿ. ಕಣಿವೆಯ ಒಳಗಿನ ಹತ್ತೂ. ಕಾರ್ಡು ಕಡಿಮೆಯಾದರೆ ಗ್ರೆಗ್ ಏನನ್ನುತ್ತಾನೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಕತ್ತಲಾಗುತ್ತದೆ. ಆಗ ಅವನ ಕಣ್ಣು ನನ್ನ ಚೀಲದ ಮೇಲೆ ಬಿತ್ತು.

"ಅದೇನ್ರೀ ಅದು?"

"ಕಡ್ಲೆಕಾಯಿ ಉಂಡೆ. ಸುಧಾ ಮಾಡಿದ್ದು."

"ಶೇಂಗಾ!" ಅವನ ಮುಖ ಅರಳಿತು. "ಅಣ್ಣಾರ, ಗ್ರೆಗ್‌ನ ಡಬ್ಬ್ಯಾಗೂ ಶೇಂಗಾನ ಇರೂದು. ಇದ್ರಾಗ ಬೆಲ್ಲ ಒಂದ್ ಹೆಚ್ಚಿಗಿ. ಸಾಹೇಬ್ರಿಗೆ ಹಬ್ಬ ಆತು ಇವತ್ತ."

ಹನ್ನೆರಡು ಉಂಡೆಗಳಿದ್ದವು. ಹನ್ನೆರಡನ್ನೂ ಪುಡಿ ಮಾಡಿ, ಫ್ಲಾಸ್ಕಿನ ಬಿಸಿನೀರು ಹಾಕಿ ಕಲಸಿದೆವು. ನಾನಾಗಲಿ ಅವನಾಗಲಿ ಒಂದು ಚೂರೂ ಬಾಯಿಗೆ ಹಾಕಲಿಲ್ಲ. ನೋಟ್‌ಬುಕ್‌ನಲ್ಲಿ ಬರೆದೆ: 31ರಿಂದ 40, ಬೇರೆ ಆಮಿಷ.

ಕಣಿವೆಯ ಒಳಗೆ ಹಗಲಿನಲ್ಲೂ ಬೆಳಕು ಕಡಿಮೆ. ಆಳೆತ್ತರದ ಜರೀಗಿಡಗಳು, ಕಾಲಿಟ್ಟಲ್ಲಿ ಕೆಸರು. ನಮ್ಮ ನಾಲ್ಕು ಬೂಟುಗಳ ಗುರುತು ಹಿಂದೆಯೇ ಬರುತ್ತಿತ್ತು. ಬೇರೆ ಯಾವ ಹೆಜ್ಜೆಯೂ ಇರಲಿಲ್ಲ. ಅದನ್ನೂ ಬರೆದುಕೊಂಡೆ. 5.20ಕ್ಕೆ ನಲವತ್ತನೇ ಕಾರ್ಡು.

ರಾತ್ರಿಯ ಕೆಲಸ ದಿಬ್ಬದ ಮೇಲಿಂದ. ಶಾಖ ತೋರಿಸುವ ಒಂದು ದುರ್ಬೀನು ಇರುತ್ತದೆ. ಮೈಬಿಸಿ ಇರುವುದೆಲ್ಲ ಕತ್ತಲಲ್ಲಿ ಬೆಳ್ಳಗೆ ಕಾಣುತ್ತದೆ. ಬಸು ನೋಡಿ ಹೇಳುವುದು, ನಾನು ಇನ್ನೊಮ್ಮೆ ನೋಡಿ ಬರೆಯುವುದು. ಅಮಾವಾಸ್ಯೆಯ ಹಿಂದಿನ ರಾತ್ರಿ. ಚಂದ್ರನಿಲ್ಲ. ದೂರದಲ್ಲಿ ಒಂದು ಗೂಬೆ ಎರಡೆರಡು ಸ್ವರ ಕೂಗಿ ನಿಲ್ಲಿಸುತ್ತಿತ್ತು.

8.30. ಪೂರ್ವದ ಇಳಿಜಾರು: ಪೊಸಮ್ ಆರು, ಮೊಲ ಎರಡು.

8.55. ಬೇಲಿಯ ಸಾಲು: ಪೊಸಮ್ ಮೂರು. ಕುರಿಗಳು ಬೆಳ್ಳಗೆ, ಚೆಲ್ಲಿದ ಅಕ್ಕಿಕಾಳಿನ ಹಾಗೆ.

9.10. ಕಣಿವೆ…

"ಖಾಲಿ ಐತ್ರೀ," ಎಂದ ಬಸು. "ಒಂದ್ ಇಲಿನೂ ಇಲ್ಲ."

"ಸೊನ್ನೆ ಅಂತ ಬರೀಲಾ?"

"ನೀವ ನೋಡ್ರಿ."

ನೋಡಿದೆ. ಕಣಿವೆ ಕಪ್ಪಗೆ, ಬಾವಿಯ ಹಾಗೆ ಕಂಡಿತು. ಸುತ್ತಲಿನ ಗುಡ್ಡಗಳಲ್ಲೆಲ್ಲ ಜೀವ ಓಡಾಡುತ್ತಿತ್ತು. ಅಲ್ಲಿ ಮಾತ್ರ ಏನೂ ಇಲ್ಲ. ಸೊನ್ನೆ ಎಂದು ಬರೆದೆ.

9.42. ಸದ್ದು.

ಕಟಕ್… ಕಟಕ್…

ಗಟ್ಟಿ ಪ್ಲಾಸ್ಟಿಕ್ಕನ್ನು ಹಲ್ಲಿನಲ್ಲಿ ಮುರಿಯುವ ಸದ್ದು. ನಿಧಾನ. ಅವಸರವಿಲ್ಲ. ಕಣಿವೆಯ ಬಾಯಿಂದ ಒಂದಿಷ್ಟು ಒಳಗೆ, ಮೂವತ್ತೊಂದನೇ ಕಾರ್ಡು ಇದ್ದ ಕಡೆಯಿಂದ. ನಾಲ್ಕೈದು ನಿಮಿಷ ಕೇಳಿಸಿತು. ನಿಂತಿತು. ಬಸು ದುರ್ಬೀನು ಹಿಡಿದೇ ಇದ್ದ.

"ಏನಿದೆ?"

"ಏನೂ ಇಲ್ರೀ."

"ಸದ್ದು ಬರ್ತಿದೆಯಲ್ಲೋ."

"ಸದ್ದು ಬರಾಕತ್ತೈತಿ. ಬಿಸಿ ಇಲ್ಲ."

ದುರ್ಬೀನನ್ನು ಕಿತ್ತುಕೊಂಡೆ. ಕಪ್ಪು. ಮತ್ತೆ ಸದ್ದು ಬಂತು, ಈಗ ಇನ್ನೂ ಸ್ವಲ್ಪ ಒಳಗಿನಿಂದ. ಮೂವತ್ತೆರಡು. ನಾವು ಹೊಡೆದ ಸಾಲಿನಲ್ಲೇ, ನಾವು ಹೊಡೆದ ಕ್ರಮದಲ್ಲೇ ಒಂದೊಂದೇ ಕಾರ್ಡು ಮುಗಿಸುತ್ತಾ ಹೋಗುತ್ತಿತ್ತು. ಕಟಕ್… ಕಟಕ್… ನಡುವೆ ಇಪ್ಪತ್ತು ಹೆಜ್ಜೆ ನಡೆಯುವಷ್ಟು ಮೌನ. ಹತ್ತು ಸಲ ಎಣಿಸಿದೆ. ಕೊನೆಯದು 10.31ಕ್ಕೆ ನಿಂತಿತು.

ಅದರ ಬೆನ್ನಲ್ಲೇ ಕೆಳಗಿನಿಂದ ಒಂದು ವಾಸನೆ ಬಂತು. ಗಾಳಿ ಇರಲಿಲ್ಲ. ಬಸು ಮೂಗು ಉಜ್ಜಿಕೊಂಡ.

"ಏನ್ ವಾಸ್ನಿರೀ ಇದು? ಮೂಗು ಉರಿಯಾಕತ್ತೈತಿ."

ನನಗೆ ಗೊತ್ತಾಯಿತು. ನಶ್ಯ. ಮೈಸೂರಿನ ಹಳೆಯ ಅಂಗಡಿಗಳಲ್ಲಿ ಮುದುಕರ ಪಂಚೆಯಿಂದ ಬರುತ್ತಿದ್ದ ವಾಸನೆ. ಅದನ್ನು ಬರೆದುಕೊಳ್ಳಲಿಲ್ಲ.

"ಇಳಿದು ನೋಡೋಣ," ಎಂದೆ.

"ಬ್ಯಾಡ್ರೀ. ರಾತ್ರಿ ಕಾರ್ಡ್ ಹತ್ರ ಹೋಗಬಾರ್ದು. ರೂಲ್ಸ್ ಐತಿ."

ರೂಲ್ಸು ಇರುವುದು ನಿಜ. ಆದರೂ ನನ್ನ ಹಳೆಯ ಬುದ್ಧಿ ಕೆಲಸ ಶುರುಮಾಡಿತ್ತು. ಇವನು ಯಾರನ್ನಾದರೂ ಕರೆಸಿದ್ದಾನೆಯೇ? ಕಾರ್ಡುಗಳ ಮೇಲೆ ಹಲ್ಲು ಬಿದ್ದರೆ ಲಾಭ ಯಾರಿಗೆ? ಸಾಕ್ಷಿಗೆ ನನ್ನನ್ನೇ ಯಾಕೆ ಆರಿಸಿದ? ಗೇಟಿಗೆ ಬೀಗ ಹಾಕಿದ್ದನ್ನು ನಾನೇ ನೋಡಿದ್ದೆ. ಆದರೆ ಬೀಗದ ಸಂಖ್ಯೆ ಅವನಿಗೆ ಗೊತ್ತಿತ್ತು. ಮೈಬಿಸಿ ಕಾಣಿಸದ ಹಾಗೆ ಮನುಷ್ಯ ಅಡಗಿಕೊಳ್ಳಬಹುದೇ?

ದಿಬ್ಬದ ಮೇಲೆ ನಿಲ್ಲಿಸಿದ್ದ ಬಸುವಿನ ಪಿಕಪ್ ಗಾಡಿ, ಯೂಟ್‌ನಲ್ಲೇ, ಸೀಟು ಹಿಂದಕ್ಕೆ ಮಾಡಿ ಮಲಗಿದೆವು.

2.05ಕ್ಕೆ ಎಚ್ಚರವಾಯಿತು. ಪಕ್ಕದ ಸೀಟು ಖಾಲಿ.

2.20ಕ್ಕೆ ಬಸು ಬಂದ. ಮೊಣಕಾಲಿನವರೆಗೂ ಕೆಸರು.

"ಎಲ್ಲಿಗೆ ಹೋಗಿದ್ದೆ?"

ಅವನು ನನ್ನನ್ನು ಒಂದು ಕ್ಷಣ ನೋಡಿದ. "ಒಂದಕ್ಕ್ರೀ."

"ಹದಿನೈದು ನಿಮಿಷ?"

"ಅದನ್ನೂ ಬರ್ಕೊಂಡ್ರೇನು ಅಣ್ಣಾರ?"

ಬರೆದುಕೊಂಡಿದ್ದೆ.

ಬೆಳಿಗ್ಗೆ ಮಂಜು ಕಣಿವೆಯಲ್ಲಿ ಹಾಲಿನ ಹಾಗೆ ನಿಂತಿತ್ತು. ಒಂದರಿಂದ ಮೂವತ್ತು ಸಲೀಸಾಗಿ ಮುಗಿಯಿತು: ಪೊಸಮ್ ಹದಿನಾಲ್ಕು, ಇಲಿ ಏಳು, ಉಳಿದವು ಖಾಲಿ. ಬಸು ಸಿಳ್ಳೆ ಹಾಕುತ್ತಿದ್ದ. ಹೀಗೇ ಮುಗಿದರೆ ಅವನ ಕೆಲಸ ಉಳಿಯುತ್ತಿತ್ತು.

ಮೂವತ್ತೊಂದರ ಮುಂದೆ ಸಿಳ್ಳೆ ನಿಂತಿತು.

ಕಾರ್ಡು ಅಲ್ಲೇ ಇತ್ತು. ಮೊಳೆಯೂ ಇತ್ತು. ಒಳಗಿನ ಉಂಡೆಯ ಮಿಶ್ರಣ ಒಂದಿಷ್ಟೂ ಉಳಿದಿರಲಿಲ್ಲ. ಕಾರ್ಡಿನ ಎರಡೂ ಮೈಮೇಲೆ ಅರ್ಧಚಂದ್ರದ ಹಾಗೆ ಹಲ್ಲಿನ ಸಾಲು, ಒಂದೊಂದೂ ಸ್ಪಷ್ಟ. ಅಗಲವಾದ, ಚಪ್ಪಟೆಯಾದ ಹಲ್ಲುಗಳು. ಅದು ಏನೆಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಮನುಷ್ಯನ ಹಲ್ಲು.

ಕಾರ್ಡಿನ ಎದುರು ಜರೀಗಿಡಗಳು ಉದ್ದಕ್ಕೆ ಮಲಗಿದ್ದವು, ಯಾರೋ ಬೋರಲು ಮಲಗಿ ಎದ್ದು ಹೋದ ಹಾಗೆ. ಅಷ್ಟು ಕೆಳಗಿನ ಕಾರ್ಡಿಗೆ ಬಾಯಿ ಹಾಕಬೇಕಾದರೆ ಹಾಗೇ ಮಲಗಬೇಕು. ಆದರೆ ಕೆಸರಿನಲ್ಲಿ ಹಿಂದಿನ ಸಂಜೆಯ ನಮ್ಮ ನಾಲ್ಕು ಬೂಟಿನ ಗುರುತು ಬಿಟ್ಟರೆ ಬೇರೆ ಹೆಜ್ಜೆ ಇರಲಿಲ್ಲ. ಅಂಗೈ ಊರಿದ ಗುರುತೂ ಇಲ್ಲ.

ಮೂವತ್ತೆರಡು ಹಾಗೇ. ಮೂವತ್ತಮೂರು ಹಾಗೇ. ನಲವತ್ತರವರೆಗೂ ಅದೇ ಬಾಯಿ. ಎಲ್ಲದರಲ್ಲೂ ಮೇಲಿನ ಸಾಲಿನಲ್ಲಿ ಒಂದು ಹಲ್ಲಿನ ಜಾಗ ಖಾಲಿ. ಬಸು ಕಾರ್ಡನ್ನು ತನ್ನ ಬಾಯಿಯ ಹತ್ತಿರ ಹಿಡಿದು ಅಳತೆ ನೋಡಿದ.

"ಎಡಗಡಿದ್ರೀ. ಕ್ವಾರಿಹಲ್ಲಿನ ಬಾಜೂಕಿಂದು."

ನನಗೆ ಸಿಟ್ಟು ಬಂತು. "ಬಸು, ನಿಜ ಹೇಳು. ರಾತ್ರಿ ಎರಡು ಗಂಟೇಲಿ ಇಲ್ಲಿಗೆ ಬಂದಿದ್ಯಾ?"

"ಕಣಿವಿ ಬಾಯಿತನಾ ಬಂದಿದ್ದೆ. ಒಳಗ ಬಂದಿಲ್ಲ."

"ಯಾಕೆ ಬಂದೆ?"

ಅವನು ಚೀಲದಿಂದ ಹೊಸ ಕಾರ್ಡು ತೆಗೆದು, ನನ್ನ ಕಣ್ಣೆದುರೇ ಬಾಯಲ್ಲಿಟ್ಟು ಕಚ್ಚಿದ. ತೋರಿಸಿದ. ಚಿಕ್ಕ ಬಾಯಿ, ಮುಂದಿನ ಎರಡು ಹಲ್ಲುಗಳ ನಡುವೆ ಅಗಲವಾದ ಸಂದು. ಮೂವತ್ತೊಂದರ ಪಕ್ಕ ಇಟ್ಟೆವು. ಎಲ್ಲಿಯೂ ಹೊಂದಲಿಲ್ಲ.

"ಈಗ ನೀವು," ಎಂದ.

"ನಾನ್ಯಾಕೆ?"

"ಎರಡೂ ಕಡಿ ಕೇಳಬೇಕು ಅಂತ ನೀವ ಹೇಳ್ತೀರಲ್ರೀ ಅಣ್ಣಾರ. ಕಚ್ಚ್ರಿ."

ಕಚ್ಚಿದೆ. ಪ್ಲಾಸ್ಟಿಕ್ಕು ಬಾಯೊಳಗೆ ಕಟಕ್ ಎಂದಿತು. ರಾತ್ರಿ ಕೇಳಿದ್ದು ಅದೇ ಸದ್ದು.

ಎರಡು ಕಾರ್ಡನ್ನೂ ಕಲ್ಲಿನ ಮೇಲೆ ಪಕ್ಕಪಕ್ಕ ಇಟ್ಟು ಇಬ್ಬರೂ ಬಗ್ಗಿ ನೋಡಿದೆವು. ನನ್ನ ಕೆಳಗಿನ ಸಾಲಿನಲ್ಲಿ ಎರಡು ಹಲ್ಲು ಒಂದರ ಮೇಲೊಂದು ಏರಿಕೊಂಡಿವೆ, ಚಿಕ್ಕಂದಿನಿಂದಲೂ. ಮೂವತ್ತೊಂದರಲ್ಲೂ ಅದೇ ಎರಡು ಹಲ್ಲು, ಅದೇ ಓರೆ. ದವಡೆಯ ಅಗಲ ಅದೇ. ಮುಂದಿನ ಹಲ್ಲಿನ ಮೂಲೆ ಸವೆದದ್ದು ಕೂಡ ಅದೇ. ಒಂದನ್ನೊಂದು ಒತ್ತಿ ಅಚ್ಚು ತೆಗೆದ ಹಾಗಿತ್ತು. ವ್ಯತ್ಯಾಸ ಒಂದೇ. ನನಗೆ ಎಡಗಡೆಯ ಹಲ್ಲು ಇದೆ.

ಬಸು ಎರಡು ಹೆಜ್ಜೆ ಹಿಂದೆ ಸರಿದ.

"ಅಣ್ಣಾರ… ರಾತ್ರಿ ನೀವು ಎಲ್ಲಿಗೆ ಹೋಗಿದ್ರಿ?"

"ಎಲ್ಲೂ ಇಲ್ಲ."

"ನಾ ಎದ್ದಿದ್ದು ನಿಮ್ಮನ್ನ ಹುಡುಕಾಕ್ರೀ. ಎಚ್ಚರಾದಾಗ ನಿಮ್ಮ ಸೀಟು ಖಾಲಿ ಇತ್ತು. ಟಾರ್ಚ್ ಹಿಡ್ಕೊಂಡು ಕಣಿವಿ ಬಾಯಿತನಾ ಬಂದೆ. ಒದರಿದೆ. ಯಾರೂ ಓ ಅನ್ಲಿಲ್ಲ. ವಾಪಸ್ ಬಂದ್ ನೋಡಿದ್ರ ಕೂತಿದ್ರಿ… ಗಡಿಯಾರ ನೋಡ್ಕೋತ."

ನನ್ನ ಬೂಟು ನೋಡಿಕೊಂಡೆ. ರಾತ್ರಿಯ ಕೆಸರು ಅದರಲ್ಲಿಲ್ಲ ಎಂದು ಹೇಳುವ ಹಾಗಿರಲಿಲ್ಲ. ಆ ಹೊತ್ತಿಗಾಗಲೇ ಕಣಿವೆಯೊಳಗೆ ನಡೆದು ಹೊಸ ಕೆಸರು ಮೆತ್ತಿಕೊಂಡಿತ್ತು. ಆದರೆ ಸದ್ದು ಬಂದ 9.42ರಿಂದ 10.31ರವರೆಗೆ ನಾವಿಬ್ಬರೂ ದಿಬ್ಬದ ಮೇಲೆ, ಒಂದು ತೋಳಿನ ಅಂತರದಲ್ಲಿ ನಿಂತಿದ್ದೆವು. ಅದನ್ನು ಹೇಳಿದೆ. ಬಸು ತಲೆಯಾಡಿಸಿದ. ಒಪ್ಪಿದ ಹಾಗೆ ಕಾಣಲಿಲ್ಲ. ಅವನ ಸ್ಥಾನದಲ್ಲಿ ನಾನಿದ್ದರೂ ಒಪ್ಪುತ್ತಿರಲಿಲ್ಲ.

ಯೂಟಿಗೆ ಬಂದು ಕೂತೆವು. ಹತ್ತು ಕಾರ್ಡು ಡ್ಯಾಶ್‌ಬೋರ್ಡಿನ ಮೇಲೆ.

"ಇವನ್ನ ನೋಡಿದ್ರ ಗ್ರೆಗ್ ಒಂದ ಮಾತು ಹೇಳ್ತಾನ," ಎಂದ ಬಸು. "ಇವ ಮನ್ಯಾಗ ಕೂತು ತಾನ ಕಡದಾನ ಅಂತ. ನನ್ನ ಕಥಿ ಮುಗೀತ್ರೀ."

"ಖಾಲಿ ಅಂತ ಬರೆದು ಕಾರ್ಡು ಎಸೆದುಬಿಡೋಣ್ವಾ?" ಕೇಳಿದ್ದು ನಾನು.

"ಬ್ಯಾಡ್ರೀ. ಆ ಕೆಲಸ ಒಮ್ಮೆ ಮಾಡೀನಿ. ಇನ್ನೊಮ್ಮೆ ಆಗಂಗಿಲ್ಲ."

ಅವನು ಕಿಟಕಿಯ ಹೊರಗೆ ನೋಡುತ್ತಾ ಕೂತ. ಹಾಳೆ ನನ್ನ ತೊಡೆಯ ಮೇಲಿತ್ತು. ಕಂಡದ್ದನ್ನು ಕಂಡ ಹಾಗೆ ಬರೆದರೆ ಇವನ ಕೆಲಸ ಹೋಗುತ್ತದೆ, ವೀಸಾ ಹೋಗುತ್ತದೆ. ಪೆನ್ನಿನ ಮುಚ್ಚಳ ತೆಗೆದೆ. ಆಮೇಲೆ ಷರಾ ಕಾಲಂನಲ್ಲಿ ಇಂಗ್ಲಿಷಿನಲ್ಲಿ ಬರೆದೆ: ಮೂವತ್ತೊಂದರಿಂದ ನಲವತ್ತು, ಬರೆದುಕೊಳ್ಳುವವನು, ಅಂದರೆ ನಾನು, ಕಚ್ಚಿದ್ದು. ಲೆಕ್ಕಕ್ಕಿಲ್ಲ. ಕೆಳಗೆ ಸಹಿ.

ಮೊದಲು ಹೇಳಿದ ಸುಳ್ಳು ಇದು. ನನ್ನ ಸಹಿ ಇರುವ ಒಂದೇ ಸುಳ್ಳು ವರದಿ.

ಗ್ರೆಗ್ ತನ್ನ ಯಾರ್ಡಿನಲ್ಲಿ ನಿಂತು ಹಾಳೆ ಓದಿದ. ಕಾರ್ಡು ನೋಡಿದ. ನನ್ನ ಬಾಯಿ ನೋಡಿದ.

"ನೀವೇ ಕಚ್ಚಿದಿರಾ?"

"ಹೌದು."

"ಯಾಕೆ?"

"ಹಸಿವಾಗಿತ್ತು."

ಅವನು ನಗಲಿಲ್ಲ. ಮೂವತ್ತು ಕಾರ್ಡು ಸಾಕು, ಬೋನಿನ ಸಾಲು ಪೂರ್ವದ ಇಳಿಜಾರಿನಿಂದ ಶುರುಮಾಡೋಣ ಎಂದು ಬಸುಗೆ ಹೇಳಿದ. ಕೆಲಸ ಚೆನ್ನಾಗಿದೆ ಎಂದೂ ಹೇಳಿದ. ಒಂಬತ್ತು ಕಾರ್ಡನ್ನು ಕಸದ ಡ್ರಮ್ಮಿಗೆ ಎಸೆದ. ಮೂವತ್ತೊಂದು ನನ್ನ ಜೇಬಿನಲ್ಲಿತ್ತು. ನಾನು ಹೊರಟ ಮೇಲೆ, ಇನ್ನು ಮುಂದೆ ಆ ಮನುಷ್ಯನನ್ನು ಕರೆತರಬೇಡ ಎಂದನಂತೆ.

ಮನೆ ತಲುಪಿದಾಗ 10.50. ಸುಧಾ ಎಲೆ ಒರೆಸುತ್ತಿದ್ದಳು. ನನ್ನ ಕೈಯಲ್ಲಿನ ಖಾಲಿ ಡಬ್ಬಿ ನೋಡಿ ನಿಂತಳು.

"ಮೇಲಿನ ಡಬ್ಬಿ ತಗೊಂಡು ಹೋಗಿದ್ರಾ?"

"ಹೌದು. ಯಾಕೆ?"

"ಅಯ್ಯೋ… ಅದು ಎಡೆಗೆ ಅಂತ ತಲೆಗೆ ಸ್ನಾನ ಮಾಡಿ ಮಾಡಿದ್ದು ರೀ. ನಿಮಗೆ ಕೆಳಗಿನದು. ಎಡೆ ಇಡೋಕೆ ಮುಂಚೆ ತಿಂದುಬಿಟ್ರಾ?"

"ನಾನು ತಿನ್ನಲಿಲ್ಲ."

"ಬಸು ತಿಂದ್ನಾ?"

"ಇಲ್ಲ."

"ಹಾಗಾದ್ರೆ ಯಾರು ತಿಂದ್ರು?"

ಖಾಲಿ ಡಬ್ಬಿಯನ್ನು ಸಿಂಕಿನಲ್ಲಿಟ್ಟೆ.

ಕೆಳಗಿನ ಡಬ್ಬಿಯ ಉಂಡೆಯನ್ನೇ ಬಡಿಸಿದೆವು. ಮೂರು ಎಲೆ: ತಾತನಿಗೆ, ಅಜ್ಜಿಗೆ, ಅಪ್ಪನಿಗೆ. ಬಾಗಿಲು ಮುಚ್ಚಿ ಹೊರಗೆ ನಿಂತೆವು. ಮಗಳು ಅನು ಗೋಡೆಗೆ ಒರಗಿ ಫೋನು ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ತಟ್ಟಿ ಬಾಗಿಲು ತೆಗೆದೆ. ಎಲೆಗಳು ಇಟ್ಟ ಹಾಗೇ ಇದ್ದವು. ಒಳಗೆ ಕಾಲಿಟ್ಟ ಕೂಡಲೇ ಸುಧಾ ಜೋರಾಗಿ ಸೀನಿದಳು. ಎರಡು ಸಲ. "ಬ್ಲೆಸ್ ಯೂ, ಅಮ್ಮಾ," ಎಂದಳು ಅನು. ನಾನು ಕಿಟಕಿ ತೆರೆದೆ.

ಸಂಜೆ ಮೈಸೂರಿಗೆ ಫೋನು ಮಾಡಿದೆ. ನಮ್ಮ ವಂಶದ ಹಳೆಯ ವಿಷಯ ಗೊತ್ತಿರುವವರು ಈಗ ದೊಡ್ಡಮ್ಮ ಒಬ್ಬರೇ.

"ದೊಡ್ಡಮ್ಮ, ನಮ್ಮನೇಲಿ ನಶ್ಯ ಯಾರು ಹಾಕ್ತಿದ್ರು?"

ಆ ಕಡೆ ಕುಕ್ಕರ್ ಕೂಗುತ್ತಿತ್ತು. ಅವರು ಅದನ್ನು ಆರಿಸಿ ಬಂದರು.

"ಯಾಕೋ ಕೇಳ್ತಿದೀಯ ಇದ್ದಕ್ಕಿದ್ದ ಹಾಗೆ?"

"ಸುಮ್ನೆ. ಒಂದು ಹಲ್ಲು ಇಲ್ಲದವರು ಯಾರಾದ್ರೂ…"

"ಎಡಗಡೆದಾ?"

ನಾನು ಎಡ ಎಂದು ಹೇಳಿರಲಿಲ್ಲ. ನೋಟ್‌ಬುಕ್‌ನಲ್ಲಿ ಈ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

"ಯಾರದು ದೊಡ್ಡಮ್ಮ?"

"ಎಷ್ಟು ಎಲೆ ಇಟ್ಟೆ ಈ ಸಲ?"

"ಮೂರು."

"ಬರೋ ವರ್ಷ ನಾಲ್ಕು ಇಡು."

"ನಾಲ್ಕನೇದು ಯಾರ ಹೆಸರಲ್ಲಿ?"

"ಹೆಸರು ಬೇಡ. ನಿಮ್ಮ ತಾತ ಆ ಹೆಸರು ಎತ್ತೋಕೆ ಬಿಡ್ತಿರ್ಲಿಲ್ಲ, ಈಗ ನಾನು ಎತ್ತೋಲ್ಲ. ಎಲೆ ಇಡು, ಸಾಕು." ಆಮೇಲೆ ದನಿ ತಗ್ಗಿಸಿ ಕೇಳಿದರು, "ನಿಂಗೀಗ ಎಷ್ಟೋ ವಯಸ್ಸು?"

"ನಲವತ್ತೈದು. ಯಾಕೆ?"

"ಏನಿಲ್ಲ. ಹಲ್ಲು ಹುಷಾರಾಗಿ ನೋಡ್ಕೋ."

ಆಮೇಲೆ ಎಷ್ಟು ಸಲ ಕೇಳಿದರೂ ಅವರು ಮಾತು ಬದಲಿಸುತ್ತಾರೆ. ಏನನ್ನೋ ಮುಚ್ಚಿಡುತ್ತಿರುವವರ ದನಿ ನನಗೆ ಗೊತ್ತು. ಹನ್ನೊಂದು ವರ್ಷ ಫೋನಿನಲ್ಲಿ ಕೇಳಿದ್ದೇನೆ.

ಇದಾಗಿ ಹತ್ತಿರ ಹತ್ತಿರ ಒಂದು ವರ್ಷವಾಯಿತು. ಬಸುಗೆ ರೆಸಿಡೆನ್ಸಿ ಸಿಕ್ಕಿತು. ಊಟಕ್ಕೆ ಕರೆದರೆ ಬರುತ್ತಾನೆ, ಅನುವಿಗೆ ತಮಾಷೆ ಮಾಡುತ್ತಾನೆ. ಆದರೆ ನನ್ನ ಎದುರಿನ ಕುರ್ಚಿಯಲ್ಲಿ ಕೂರುವುದಿಲ್ಲ. ನಾನು ಅಗಿಯುವಾಗ ಬೇರೆ ಕಡೆ ನೋಡುತ್ತಾನೆ.

ಹೋದ ತಿಂಗಳು ಹಲ್ಲುಜ್ಜುವಾಗ ಮೇಲಿನ ಎಡಗಡೆಯ ಒಂದು ಹಲ್ಲು ಅಲುಗಾಡಿತು. ಕೋರೆಹಲ್ಲಿನ ಪಕ್ಕದ್ದು. ದಂತವೈದ್ಯೆ ಎಕ್ಸ್-ರೇ ತೆಗೆದಳು. ಒಸಡು ಚೆನ್ನಾಗಿದೆ, ಬೇರು ಚೆನ್ನಾಗಿದೆ, ಅಲುಗಾಡಲು ಕಾರಣವೇ ಕಾಣುತ್ತಿಲ್ಲ, ಕಾದು ನೋಡೋಣ ಎಂದಳು.

ಕಾದು ನೋಡುತ್ತಿದ್ದೇನೆ. ಆ ಹಾಳೆಯಲ್ಲಿ ನಾನೇ ಬರೆದ ಸಾಲು ದಿನಕ್ಕೆ ಒಮ್ಮೆಯಾದರೂ ನೆನಪಾಗುತ್ತದೆ: ನಾನು ಕಚ್ಚಿದ್ದು. ಅದು ಸುಳ್ಳು ಎಂದು ಮೇಲೆ ಎರಡು ಸಲ ಬರೆದೆ. ಈ ಹಲ್ಲು ಬಿದ್ದರೆ, ಮೂವತ್ತೊಂದನೇ ಕಾರ್ಡಿಗೂ ನನ್ನ ಬಾಯಿಗೂ ವ್ಯತ್ಯಾಸವೇ ಇರುವುದಿಲ್ಲ. ಆಮೇಲೆ ಅದನ್ನು ಸುಳ್ಳು ಎಂದು ಯಾವ ಆಧಾರದ ಮೇಲೆ ಹೇಳಲಿ?

ಹಿರಿಯರ ಹಬ್ಬ ಮತ್ತೆ ಹತ್ತಿರ ಬಂದಿದೆ. ಇವತ್ತು ಬೆಳಿಗ್ಗೆ ಸುಧಾ ಅಂಗಡಿಗೆ ಹೊರಟವಳು ಬಾಗಿಲಲ್ಲೇ ನಿಂತು ಕೇಳಿದಳು.

"ಬಾಳೆ ಎಲೆ ಎಷ್ಟು ತರ್ಲಿ ರೀ? ಮೂರಾ, ನಾಲ್ಕಾ?"

ಹೇಳಲು ಬಾಯಿ ತೆರೆದೆ. ನಾಲಿಗೆ ತಾನಾಗಿಯೇ ಎಡಕ್ಕೆ, ಆ ಹಲ್ಲಿನ ಕಡೆಗೆ ಹೋಯಿತು…